ಬಂದರಿಕೆ ಬೆಳೆದ ಗುಡ್ಡೆ

— ಮೇಷ್ಟ್ರೇ, ಚಾರಣ ಅಂದರೆ ನಮ್ಮ ಹಾಸನದ ಹುಡುಗರು ಸಕಲೇಶಪುರದ ಕಡೆ ಮುಖ ಮಾಡ್ತಾರೆ. ನೀವು ಶಾಂತಿಗ್ರಾಮದಿಂದ ಪೂರ್ವಕ್ಕೆ ಹೊರಡಿಸಿ, ಚನ್ನರಾಯಪಟ್ಟಣ ದಾಟಿಸಿ, ನುಗ್ಗೇಹಳ್ಳಿ ಸೀಮೆಯ ಈ ಕುರುಚಲಿನೊಳಗೆ ನಡೆಸ್ತಾ ಇದ್ದೀರಿ.

— ಘಟ್ಟಕ್ಕೆ ಹೋಗೋರು ಸಾವಿರಾರು ಜನ ಇದ್ದಾರೆ. ಈ ಜಾಡಿನಲ್ಲಿ ನಡೆಯೋರು ಆಡುಕುರಿ ಮೇಯಿಸೋರು, ಸೌದೆ ಆಯೋರು, ಅಷ್ಟೇ. ಜಾಡನ್ನೇ ನೋಡು. ಎತ್ತಿನ ಗಾಡಿಗೆ ಇಷ್ಟು ಅಗಲ ಬೇಕಾಗಿರಲಿಲ್ಲ. ಲಾರಿ ಓಡಾಡಿದ ದಾರಿ ಇದು. ನಡುವೆ ಹುಲ್ಲು ಬಂದು, ಅಂಚಿಂದ ತಂಗಡಿ ಒತ್ತಿಕೊಂಡು ಬಂದು, ಈಗ ಇಬ್ಬರು ಅಕ್ಕಪಕ್ಕ ನಡೆಯೋ ಹಾಗಾಗಿದೆ.

— ಲಾರಿ ಏನು ಸಾಗಿಸ್ತಿತ್ತು?

— ಕ್ರೋಮೈಟ್. ಬೈರಾಪುರ, ಜಂಬೂರು, ತಗಡೂರು — ಈ ಹೆಸರುಗಳನ್ನ ಭೂವಿಜ್ಞಾನ ಓದಿದೋರು ದೇಶದ ಯಾವ ಮೂಲೆಯಲ್ಲಿದ್ದರೂ ಹೇಳ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಗೊತ್ತಿಲ್ಲ. ಹಾಸನ ಅಂದರೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಆಲೂಗಡ್ಡೆ, ಕಾಫಿ. ಇಲ್ಲಿ ನೆಲದ ಒಳಗೆ ಇಳಿದು ಸುರಂಗ ಕೊರೆದು ಅದಿರು ತೆಗೆದರು ಅನ್ನೋದು ಪಾಠದಲ್ಲಿ ಒಂದು ಸಾಲೂ ಇಲ್ಲ. ಅದು ನನಗೆ ಬಹಳ ಬೇಸರದ ಸಂಗತಿ.

— ನಾನೂ ಶಾಂತಿಗ್ರಾಮದಲ್ಲೇ ಓದಿದೋನು. ಭೋಗ ನರಸಿಂಹನ ಗುಡಿ ಗೊತ್ತು, ಶಾಂತಲೆಯ ಹೆಸರಿನ ಊರು ಅನ್ನೋದು ಗೊತ್ತು. ಗಣಿ ಅಂದರೆ ಕೋಲಾರ, ಹಟ್ಟಿ, ಸಂಡೂರು ಅಂತಲೇ ತಿಳಿದಿದ್ದೆ.

— ಆ ತೆಂಗಿನ ತೋಟ ಬಿಟ್ಟು ಬಂದ ಜಾಗದಲ್ಲಿ ಏನಾದರೂ ಗಮನಿಸಿದೆಯಾ?

— ಮಣ್ಣು ಬೇರೆ ಆಯ್ತು. ಅಲ್ಲಿ ತನಕ ಮಾಸಲು ಕೆಂಪು, ಮರಳು ಮರಳು. ಆಮೇಲೆ ಕಂದು, ಕಾಲಿಗೆ ಅಂಟೋ ಥರ. ಕಲ್ಲೂ ಬಿಳಿಯಿಂದ ಹಸಿರುಗಪ್ಪಿಗೆ ತಿರುಗಿತು.

— ಅಷ್ಟು ಕಂಡರೆ ಸಾಕು. ಬಿಳಿ ಕಲ್ಲು ನಮ್ಮ ಸೀಮೆಯ ಹಾಸುಗಲ್ಲು, ನೈಸ್ ಅಂತಾರೆ. ಗೊರೂರಿನ ಸುತ್ತಲ ನೈಸ್‌ನ ವಯಸ್ಸು ಸುಮಾರು 330 ಕೋಟಿ ವರ್ಷ. ಅದರ ನಡುವೆ ಸೇರಿಕೊಂಡ ಪಟ್ಟಿ ಇದು, ನುಗ್ಗೇಹಳ್ಳಿ ಶಿಲಾಪಟ್ಟಿ. ಉದ್ದ ಸುಮಾರು 60 ಕಿ.ಮೀ., ಅಗಲ ಹೆಚ್ಚೆಂದರೆ ಎರಡು ಕಿ.ಮೀ. ಭೂಮಿಯ ಆಳದಿಂದ ಮೆಗ್ನೀಷಿಯಂ ತುಂಬಿದ ಶಿಲಾರಸ ಎದ್ದು ಬಂತು, ತಣಿಯುವಾಗ ಭಾರದ ಹರಳುಗಳು ತಳಕ್ಕೆ ಇಳಿದವು. ಆ ತಳದ ಪದರವೇ ಕ್ರೋಮೈಟ್. ಆಮೇಲೆ ಭೂಮಿ ಮಡಚಿಕೊಂಡಿತು, ಪದರ ಹರಿದು ತುಂಡು ತುಂಡಾಯ್ತು. ಅದಕ್ಕೇ ಅದಿರು ಒಂದೇ ಕಡೆ ರಾಶಿಯಾಗಿ ಸಿಗಲ್ಲ. ಇಲ್ಲೊಂದು ಗಡ್ಡೆ, ಒಂದಷ್ಟು ದೂರದಲ್ಲಿ ಇನ್ನೊಂದು. ಪಟ್ಟಿಯ ಉದ್ದಕ್ಕೂ ಗುಂಡಿಗಳು ಚೆದುರಿರೋದು ಅದರಿಂದ. ದೊಡ್ಡ ಗಡ್ಡೆ ಸಿಕ್ಕಿದ್ದು ಬೈರಾಪುರದಲ್ಲಿ.

— ಈ ಕಲ್ಲು ಅದೇನಾ?

— ಕೈಗೆ ತಗೋ. ತೂಗಿ ನೋಡು.

— ಇಷ್ಟು ಚಿಕ್ಕದು, ಇಷ್ಟು ಭಾರ!

— ಅದೇ ಗಾತ್ರದ ಜಲ್ಲಿಕಲ್ಲಿಗಿಂತ ಒಂದೂವರೆ ಪಟ್ಟು ಭಾರ ಇರುತ್ತೆ. ಹೊಸದಾಗಿ ಒಡೆದ ಮುಖ ನೋಡು, ಕಪ್ಪು, ಸಣ್ಣ ಸಣ್ಣ ಹರಳು ಮಿನುಗ್ತಾವೆ. ಹೆಂಚಿನ ಹಿಂಬದಿಗೆ ಉಜ್ಜಿದರೆ ಕಂದು ಗೆರೆ ಬೀಳುತ್ತೆ. ಅದೇ ಕಪ್ಪಿನ ಮ್ಯಾಗ್ನಟೈಟ್ ಉಜ್ಜಿದರೆ ಗೆರೆಯೂ ಕಪ್ಪು. ಶಾಲೆಯಲ್ಲಿ ಮಕ್ಕಳಿಗೆ ಇದನ್ನ ತೋರಿಸ್ತಿದ್ದೆ. ನಿಮ್ಮ ಮನೆಯ ಸ್ಟೀಲ್ ತಟ್ಟೆ ತುಕ್ಕು ಹಿಡಿಯದೆ ಇರೋದು ಈ ಕಲ್ಲಿನೊಳಗಿನ ಕ್ರೋಮಿಯಂನಿಂದ ಅಂದರೆ ಕಣ್ಣರಳಿಸ್ತಿದ್ದರು. ಚರ್ಮ ಹದ ಮಾಡೋಕೆ, ಕುಲುಮೆಯ ಒಳಗೋಡೆಯ ಇಟ್ಟಿಗೆಗೆ, ಬಣ್ಣಕ್ಕೆ, ಎಲ್ಲಕ್ಕೂ ಇದು ಬೇಕು.

— ತೆಗೆಯೋಕೆ ಶುರು ಮಾಡಿದ್ದು ಯಾವಾಗ?

— ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆ ಹುಟ್ಟಿದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥರು ರಾಬರ್ಟ್ ಬ್ರೂಸ್ ಫೂಟ್, ಮದರಾಸಿನ ಪಲ್ಲಾವರದಲ್ಲಿ 1863ರಲ್ಲಿ ಶಿಲಾಯುಗದ ಕೈಗೊಡಲಿ ಹುಡುಕಿದೋರು. ಅವರು ಅದಕ್ಕೂ ಮುಂಚೆ 1880ರ ದಶಕದಲ್ಲಿ ಸಂಸ್ಥಾನದ ಚಿನ್ನದ ಶಿಲೆಗಳನ್ನ ನೋಡ್ಕೊಂಡು ಊರೂರು ಸುತ್ತಿದ್ದರು. ಇದೇ ಪಟ್ಟಿಯಲ್ಲಿ ಕೆಂಪಿನಕೋಟೆ ಅಂತ ಇದೆ, ಅಲ್ಲಿ ಅವರ ಕಾಲಕ್ಕೇ ಹಳೆಯದಾಗಿದ್ದ ಚಿನ್ನದ ಗುಂಡಿಗಳಿವೆ. ಕ್ರೋಮೈಟ್ ತೆಗೆಯೋದು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಶುರುವಾಯ್ತು. 1966ರಲ್ಲಿ ಮೈಸೂರು ಮಿನರಲ್ಸ್ ಅಂತ ಸರ್ಕಾರಿ ಕಂಪನಿ ಬಂತು, ಬೈರಾಪುರದ ಗಣಿ ಅದರ ಕೈಯಲ್ಲಿ ನಡೀತು. ಆಮೇಲೆ ನಿಂತಿತು. ದೇಶದ ಕ್ರೋಮೈಟ್ ನಿಕ್ಷೇಪದಲ್ಲಿ ನೂರಕ್ಕೆ ತೊಂಬತ್ತೈದು ಪಾಲಿಗಿಂತ ಹೆಚ್ಚು ಒಡಿಶಾದಲ್ಲೇ ಇದೆ. ಅಷ್ಟು ದೊಡ್ಡ ರಾಶಿಯ ಮುಂದೆ ನಮ್ಮ ಗಡ್ಡೆಗಳು ಎಷ್ಟು ದಿನ ನಿಂತಾವು?

— ಹಾಗಾದರೆ ನೂರು ವರ್ಷದ ಗಣಿ ಚರಿತ್ರೆ ಇಲ್ಲಿದೆ.

— ನೂರಲ್ಲ, ಎಂಟುನೂರು ವರ್ಷದ್ದು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿ ನೋಡಿದ್ದೀಯಲ್ಲ? 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಬೈಚೋಜ, ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿ ಬಿಟ್ಟುಹೋಗಿದ್ದಾರೆ. ಅದರ ಗೋಡೆ ಯಾವ ಕಲ್ಲು?

— ಬಳಪದ ಕಲ್ಲು.

— ಬಳಪದ ಕಲ್ಲು ಹುಟ್ಟೋದು ಇಂಥ ಮೆಗ್ನೀಷಿಯಂ ಶಿಲೆಗಳು ನೀರು ಕುಡಿದು ಮೆತ್ತಗಾದಾಗ. ನಮ್ಮ ಶಿಲಾಪಟ್ಟಿಗಳಲ್ಲಿ ಮಾತ್ರ ಅದು ಸಿಗೋದು, ಗಟ್ಟಿ ನೈಸ್‌ನಲ್ಲಿ ಸಿಗಲ್ಲ. ಆ ಹಸಿರುಗಪ್ಪು ಶಿಲೆ ಇರದಿದ್ದರೆ ಉಗುರಿನಷ್ಟು ತೆಳ್ಳಗಿನ ಎಲೆ, ಆಭರಣದ ಸರಪಳಿಯ ಒಂದೊಂದು ಕೊಂಡಿ ಕೆತ್ತೋದು ಸಾಧ್ಯವೇ ಇರಲಿಲ್ಲ. ಹೊಯ್ಸಳರ ಶಿಲ್ಪ ಅಂತ ನಾವು ಹಾಡಿ ಹೊಗಳ್ತೀವಿ. ಆ ಕಲ್ಲು ಕಿತ್ತ ಕುಳಿ ಎಲ್ಲಿ ಅಂತ ಯಾರೂ ಕೇಳಲ್ಲ. ಕುಳಿ ಮುಚ್ಚಿ ಎಷ್ಟು ಸಲ ಕಾಡಾಯ್ತೋ, ಎಷ್ಟು ಸಲ ಹೊಲವಾಯ್ತೋ. ಅದಕ್ಕೇ ನಾನು ಗಣಿ ಅಂದ ತಕ್ಷಣ ಮುಖ ಸಿಂಡರಿಸೋನಲ್ಲ. ಕಿತ್ತ ಮೇಲೆ ಆ ಜಾಗಕ್ಕೆ ಏನಾಯ್ತು ಅನ್ನೋದೇ ನನಗೆ ಮುಖ್ಯ.

— ಅಗೋ, ಅದು ಗುಡ್ಡವಾ, ಸುರಿದ ಮಣ್ಣಾ?

— ಸುರಿದದ್ದು. ಗುಡ್ಡದ ನೆತ್ತಿ ಅಷ್ಟು ಚಪ್ಪಟೆ ಇರಲ್ಲ, ಇಳಿಜಾರು ಅಷ್ಟು ನೇರ ಇರಲ್ಲ. ಗಣಿಯಿಂದ ಹೊರತೆಗೆದ ಬೇಡದ ಕಲ್ಲು ಅದು. ಹತ್ತಿರ ಹೋಗೋಣ ಬಾ, ಈ ಬದಿಯಿಂದ. ಬೇಲಿ ಹಾಕಿದ ಕಡೆ ಹೋಗೋದು ಬೇಡ, ಕಾಲುಜಾಡು ಬಿಡಬೇಡ. ಹುಲ್ಲಿನೊಳಗೆ ಹಳೆಯ ತಪಾಸಣೆ ಗುಂಡಿಗಳಿರ್ತಾವೆ. ಲಂಟಾನ ಮೇಲೆ ಹಬ್ಬಿದ್ದರೆ ಕಾಣಲ್ಲ.

— ದೂರದಿಂದ ಪೂರಾ ಹಸಿರು ಅನ್ನಿಸ್ತು. ಹತ್ತಿರ ಬಂದರೆ ಇದು ಒಂದೇ ಜಾತಿಯ ಗಿಡ.

— ಬಂದರಿಕೆ. ಕಾಯಿ ನೋಡು, ಕೆಂಪು ರೆಕ್ಕೆ ಕಟ್ಟಿಕೊಂಡಿದೆ, ಗಾಳಿಗೆ ಹಾರಿ ಬೀಳುತ್ತೆ. ಎಲೆ ಮುಟ್ಟು, ಅಂಟು ಅಂಟು. ಆ ಅಂಟೇ ಅದಕ್ಕೆ ಬಿಸಿಲಿನಿಂದ ಕಾವಲು. ಇಂಥ ಕಲ್ಲುರಾಶಿಯಲ್ಲಿ ಮೊದಲು ಬೇರು ಬಿಡೋದು ಅದೇ. ಅದರ ಜೊತೆ ತಂಗಡಿ. ಮೇಲಿನ ಅರ್ಧ ಇನ್ನೂ ಬೋಳು, ನೋಡಿದೆಯಾ?

— ಗಣಿ ನಿಂತು ಇಷ್ಟು ಕಾಲ ಆದ ಮೇಲೂ? ಮಳೆ ಬರುತ್ತಲ್ಲ ಇಲ್ಲಿ.

— ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು, ಅದೂ ಬಂದರೆ ಬಂತು. ಆದರೆ ಇಲ್ಲಿ ತೊಂದರೆ ಇರೋದು ಕಲ್ಲಿನಲ್ಲೇ. ಈ ಶಿಲೆ ಸವೆದು ಆಗೋ ಮಣ್ಣಿನಲ್ಲಿ ಮೆಗ್ನೀಷಿಯಂ ಜಾಸ್ತಿ, ಗಿಡಕ್ಕೆ ಬೇಕಾದ ಸುಣ್ಣದ ಅಂಶ ಕಮ್ಮಿ. ರಂಜಕ ಇಲ್ಲ, ಪೊಟ್ಯಾಷ್ ಇಲ್ಲ, ಮೇಲಿಂದ ನಿಕ್ಕಲ್, ಕ್ರೋಮಿಯಂ. ಹೊರಗಿಂದ ತಂದ ಸಸಿ ನೆಟ್ಟರೆ ಎರಡು ವರ್ಷ ನಿಂತು ಹಳದಿ ತಿರುಗುತ್ತೆ. ಜಗತ್ತಿನ ಎಲ್ಲ ಕಡೆಯೂ ಈ ಜಾತಿಯ ಮಣ್ಣಿನ ಮೇಲೆ ಸಸ್ಯವರ್ಗವೇ ಬೇರೆ. ಪೆಸಿಫಿಕ್ ಸಾಗರದಲ್ಲಿ ನ್ಯೂ ಕ್ಯಾಲಿಡೋನಿಯ ಅಂತ ದ್ವೀಪ ಇದೆ. ಅಲ್ಲಿ ಒಂದು ಮರ ನಿಕ್ಕಲ್‌ಅನ್ನು ಹೀರಿ ಹೀರಿ, ಅದರ ತೊಗಟೆ ಕೊಯ್ದರೆ ನೀಲಿಹಸಿರು ಹಾಲು ಬರುತ್ತೆ. ಆ ಹಾಲು ಒಣಗಿಸಿದರೆ ಕಾಲು ಭಾಗ ನಿಕ್ಕಲ್.

— ನಂಬೋಕೆ ಕಷ್ಟ.

— ಗಿಡಗಳು ಲಕ್ಷಾಂತರ ವರ್ಷ ಕಲಿತ ಪಾಠ ಅದು. ಇಲ್ಲಿನ ಬಂದರಿಕೆ, ಕಾರೆ, ಬಾದೆ ಹುಲ್ಲು, ಎಲ್ಲವೂ ಈ ಮಣ್ಣಿನ ಜೊತೆ ಹೊಂದಿಕೊಂಡು ಬಂದವು. ಆ ಕಾರೆಮುಳ್ಳಿನ ಬುಡಕ್ಕೆ ಕೂತು ನೋಡು. ಮುಳ್ಳು ಎತ್ತು, ನಿಧಾನ.

— ಒಳಗೆ ಸಣ್ಣ ಸಸಿ ಇದೆ. ಎದುರು ಬದುರು ಎಲೆ, ನುಣುಪು. ಎರಡು ಇದ್ದಾವೆ. ಅಲ್ಲ, ಮೂರು.

— ಶ್ರೀಗಂಧ. ಯಾರೂ ನೆಟ್ಟಿದ್ದಲ್ಲ. ಕೋಗಿಲೆಯೋ ಪಿಕಳಾರವೋ ಹಣ್ಣು ತಿಂದು ಕಾರೆಯ ಮೇಲೆ ಕೂತು ಬೀಜ ಉದುರಿಸಿದೆ. ಮುಳ್ಳಿನ ಒಳಗೆ ಆಡಿನ ಬಾಯಿ ಹೋಗಲ್ಲ. ಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ನೀರು, ಲವಣ ಪಡೀಬೇಕು, ಒಂಟಿಯಾಗಿ ಬದುಕಲ್ಲ. ಕಾರೆ ಅದಕ್ಕೆ ಬೇಲಿಯೂ ಹೌದು, ಅನ್ನದ ತಟ್ಟೆಯೂ ಹೌದು. ಬುಡದ ಮಣ್ಣು ಮುಟ್ಟು.

— ಇಲ್ಲಿ ಮೆತ್ತಗಿದೆ, ಎಲೆ ಕೊಳೆತ ವಾಸನೆ. ಒಂದು ಮೊಳ ಈಚೆ ಬರೀ ಕಲ್ಲುಪುಡಿ.

— ಮಣ್ಣು ಹುಟ್ಟೋದು ಹೀಗೆ, ಒಂದೊಂದು ಪೊದೆಯ ಕೆಳಗೆ ಒಂದೊಂದು ಬೊಗಸೆ. ಆಮೇಲೆ ಗೆದ್ದಲು ಬರುತ್ತೆ. ಅಲ್ಲಿ ಹುತ್ತ ಎದ್ದಿದೆ ನೋಡು, ಸುರಿದ ಗುಡ್ಡೆಯ ಮೇಲೇ. ಗೆದ್ದಲು ಬಂತು ಅಂದರೆ ತಿನ್ನೋಕೆ ಕಡ್ಡಿ ಇದೆ, ಒಳಗೆ ಪಸೆ ಇದೆ ಅಂತ. ನನಗೆ ಇದನ್ನ ನೋಡೋದು ಯಾವ ಜಲಪಾತಕ್ಕಿಂತ ಕಮ್ಮಿ ಅಲ್ಲ.

— ಒಂದು ಮಾತು ಕೇಳ್ತೀನಿ. ಇಷ್ಟು ನಿಧಾನಕ್ಕೆ ಯಾಕೆ ಬಿಡಬೇಕು? ಒಂದು ಮಳೆಗಾಲದಲ್ಲಿ ಸಾವಿರಾರು ಸಸಿ ತಂದು ನೆಟ್ಟರೆ?

— ಏನು ನೆಡ್ತೀಯ? ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ನಮ್ಮ ಗೋಮಾಳಗಳಿಗೆಲ್ಲ ನೀಲಗಿರಿ ಬಂತು, ಅಕೇಶಿಯ ಬಂತು. ಹಸಿರು ಕಾಣಿಸ್ತು, ನಿಜ. ಅದರ ಕೆಳಗೆ ಹುಲ್ಲು ಹುಟ್ಟಲಿಲ್ಲ, ಹಕ್ಕಿ ಗೂಡು ಕಟ್ಟಲಿಲ್ಲ, ಪಕ್ಕದ ಬಾವಿ ಇಳೀತು. 2017ರಲ್ಲಿ ಸರ್ಕಾರವೇ ನೀಲಗಿರಿ ಬೆಳೆಸೋದನ್ನ ನಿಲ್ಲಿಸೋ ಆದೇಶ ಹೊರಡಿಸಬೇಕಾಯ್ತು. ಕಂದಾಯದ ದಾಖಲೆಯಲ್ಲಿ ಈ ಕುರುಚಲಿಗೆ ಏನಂತಾರೆ ಗೊತ್ತಾ? ಖರಾಬು. ಗೌಜಲಹಕ್ಕಿ, ನವಿಲು, ಮೊಲ, ನರಿ, ಚಿರತೆ ಇಲ್ಲೇ ಬದುಕಿವೆ, ಗಂಧ ತಾನಾಗಿ ಹುಟ್ಟುತ್ತೆ, ಆದರೂ ಖರಾಬು. ದಾಖಲೆಯಲ್ಲಿ ಹಾಗಿದ್ದರೆ ಏನು ಬೇಕಾದರೂ ತಂದು ಸುರೀಬಹುದು ಅಂತ ಎಲ್ಲರಿಗೂ ಅನ್ನಿಸುತ್ತೆ.

— ಆದರೆ ಮೇಷ್ಟ್ರೇ, ಕೆನಡಾದ ಸಡ್‌ಬರಿ ಬಗ್ಗೆ ನಾನು ಓದಿದ್ದೀನಿ. ನಿಕ್ಕಲ್ ಕುಲುಮೆಗಳ ಹೊಗೆಯಿಂದ ಸುತ್ತಲ ಬೆಟ್ಟವೆಲ್ಲ ಕರೀಬಂಡೆ ಆಗಿತ್ತು. 1978ರಿಂದ ಜನರೇ ಇಳಿದು ಸುಣ್ಣ ಹರಡಿ, ಹುಲ್ಲು ಬಿತ್ತಿ, ಒಂದು ಕೋಟಿಗೂ ಹೆಚ್ಚು ಮರ ನೆಟ್ಟರು. ಈಗ ಅಲ್ಲಿ ಕಾಡಿದೆ, ಕಾಲುದಾರಿಗಳಿವೆ. ತಾನಾಗಿ ಬರಲಿ ಅಂತ ಅವರು ಕಾದಿದ್ದರೆ ಇವತ್ತಿಗೂ ಬಂಡೆಯೇ ಇರ್ತಿತ್ತು.

— ಅದು ಒಳ್ಳೆ ಉದಾಹರಣೆ. ಅವರು ಮರ ನೆಡೋಕೆ ಮುಂಚೆ ಮಾಡಿದ ಕೆಲಸ ಯಾವುದು?

— ಸುಣ್ಣ ಹಾಕಿದ್ದು.

— ಅಂದರೆ ಮಣ್ಣಿಗೆ ಏನು ಕಾಯಿಲೆ ಅಂತ ಮೊದಲು ಪರೀಕ್ಷೆ ಮಾಡಿದರು, ಆಮೇಲೆ ಕೈ ಹಾಕಿದರು. ಅಲ್ಲಿ ಮಣ್ಣು ಆಮ್ಲವಾಗಿತ್ತು, ಸುಣ್ಣವೇ ಮದ್ದಾಯ್ತು. ಇಲ್ಲಿ ಕಾಯಿಲೆ ಬೇರೆ, ಇಲ್ಲಿಗೆ ಸಗಣಿ ಗೊಬ್ಬರ ಬೇಕು, ಮೊದಲು ಇಲ್ಲಿನದೇ ಹುಲ್ಲು ಬೇಕು. ನಾನು ಕೈ ಕಟ್ಟಿ ಕೂರಿ ಅಂತ ಹೇಳ್ತಿಲ್ಲ. ಗಿಡ ತನ್ನ ಕೆಲಸ ಮಾಡ್ತಿರೋ ಕಡೆ ಜೆಸಿಬಿ ತಂದು ಬಗೀಬೇಡಿ, ಬೋಳಾಗಿ ಉಳಿದ ಕಡೆ ಇದೇ ಗುಡ್ಡದ ಬೀಜ ಎರಚಿ ಅಂತೀನಿ.

— ಯಾರೋ ಬರ್ತಿದ್ದಾರೆ. ಆಡು ಹೊಡ್ಕೊಂಡು.

— ಏನಮ್ಮ, ಯಾವೂರ ಕಡೇಗೆ?

— ಇಲ್ಲೇ ಕೆಳಗೆ, ಸ್ವಾಮಿ. ನೀವೇನು ಅಳತೆಗೆ ಬಂದೋರಾ? ಮತ್ತೆ ಗಣಿ ಶುರು ಮಾಡ್ತಾರಂತಾ?

— ಇಲ್ಲಮ್ಮ, ನಡೆಯೋಕೆ ಬಂದೋರು. ಶುರು ಮಾಡಿದರೆ ಒಳ್ಳೇದಾ, ಬೇಡವಾ?

— ಏನ್ ಹೇಳಾನ. ನಮ್ಮ ಮಾವ ಗಣೀಲೇ ದುಡುದ್ರು. ಅವರ ಸಂಬಳದಲ್ಲೇ ಮನೆ ಎದ್ದಿದ್ದು, ನಾದಿನಿ ಮದುವೆ ಆಗಿದ್ದು. ನಿಂತ ಮೇಲೆ ಊರ ಗಂಡಸರು ತೆಂಗಿನಕಾಯಿ ಸುಲಿಯಕ್ಕೆ, ಬೆಂಗಳೂರಿಗೆ ಅಂತ ಹೋದ್ರು. ಈಗ ಈ ಗುಡ್ಡೇಲಿ ನನ್ನ ಆಡಿಗೆ ಮೇವು ಸಿಕ್ತದೆ. ಶುರು ಆದ್ರೆ ಇದೂ ಹೋಯ್ತದೆ.

— ಆಡು ಏನು ಮೇಯುತ್ತೆ ಇಲ್ಲಿ? ಬಂದರಿಕೆ ತಿನ್ನುತ್ತಾ?

— ಅಯ್ಯೋ, ಬಂದರಿಕೆ ಮುಟ್ಟಾಕಿಲ್ಲ, ತಂಗಡೀನೂ ಮುಟ್ಟಾಕಿಲ್ಲ. ಅದಕ್ಕೇ ಅದೆರಡು ಇಷ್ಟು ದಟ್ಟ ಆಗಿರಾದು. ಸಂದೀಲಿ ಎಲಚಿ ಬರ್ತದೆ, ಜಾಲಿ ಕಾಯಿ ಬರ್ತದೆ, ಹುಲ್ಲು ಬರ್ತದೆ. ಅದನ್ನ ಮೇಯ್ತಾವೆ. ಕತ್ತಲಾಗಕ್ಕೆ ಮುಂಚೆ ಇಳ್ಕಬೇಕು, ಚಿರತೆ ಕಾಟ.

— ನೀರು ಎಲ್ಲಿ ಕುಡಿಸ್ತೀರ?

— ಆ ಗುಂಡೀಲಿ. ಆಡಿಗೆ ಕುಡಿಸ್ತೀವಿ, ನಾವು ಕುಡಿಯಾಕಿಲ್ಲ. ನಮ್ಮತ್ತೆ ಆಗಲೇ ಹೇಳ್ತಿದ್ರು, ಗಣಿ ನೀರು ಬಾಯಿಗೆ ಹಾಕಬ್ಯಾಡಿ ಅಂತ. ಬರ್ತೀನಿ ಸ್ವಾಮಿ, ಆ ಕರಿ ಆಡು ಮುಂದಕ್ಕೆ ಹೋಯ್ತು.

— ಮೇಷ್ಟ್ರೇ, ಬಂದರಿಕೆ ಯಾಕೆ ಉಳೀತು ಅನ್ನೋದಕ್ಕೆ ನೀವು ಅಂಟೆಲೆ, ಬಿಸಿಲು ಅಂದಿರಿ. ಆಕೆ ಒಂದೇ ಮಾತಲ್ಲಿ ಆಡು ತಿನ್ನಲ್ಲ ಅಂದುಬಿಟ್ಟರು.

— ಎರಡೂ ಸೇರಿದರೆ ಪೂರ್ತಿ ಆಗುತ್ತೆ. ಇಂಥ ಹೆಂಗಸರನ್ನ ಕೂರಿಸಿಕೊಂಡು ಒಂದು ದಿನ ಕೇಳಿದರೆ ಈ ಗುಡ್ಡೆಗೆ ಯಾವ ಬೀಜ ಎರಚಬೇಕು ಅಂತ ಪಟ್ಟಿ ಸಿಗುತ್ತೆ. ಕಾಡು ಬೆಳೆಸಬೇಕು ಅಂದರೆ ಮೊದಲು ಆಡು ಓಡಿಸಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಓಡಿಸಿದರೆ ಈ ಜಾಗದ ಮೇಲೆ ಕಣ್ಣಿಟ್ಟಿರೋ ಒಬ್ಬರೇ ಒಬ್ಬರನ್ನೂ ಕಳಕೊಂಡ ಹಾಗೆ.

— ಈ ಕಲ್ಲು ಎಷ್ಟು ಚೆನ್ನಾಗಿದೆ ನೋಡಿ. ಬಿಳಿ ರೇಷ್ಮೆ ಎಳೆ ಥರ, ಉಗುರಲ್ಲಿ ಎಬ್ಬಿದರೆ ನಾರು ಬರ್ತಿದೆ.

— ಎಬ್ಬಬೇಡ. ಕೆಳಗಿಡು, ಬಿಸಾಡಬೇಡ, ನಿಧಾನಕ್ಕೆ ಇಡು. ಬಾಟಲಿ ನೀರಲ್ಲಿ ಕೈ ತೊಳಕೋ, ಮುಖ ಮುಟ್ಟಬೇಡ. ಅದು ಕಲ್ನಾರು, ಆಸ್ಬೆಸ್ಟಾಸ್. ಇದೇ ಜಾತಿಯ ಶಿಲೆಯ ಬಿರುಕುಗಳಲ್ಲಿ ಬೆಳೆಯುತ್ತೆ. ಹೊಳೆನರಸೀಪುರ ತಾಲ್ಲೂಕಿನಲ್ಲೂ ಅದನ್ನ ತೆಗೆದದ್ದುಂಟು. ಕಣ್ಣಿಗೆ ಕಾಣದಷ್ಟು ಸಣ್ಣ ನಾರು ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಉಳಿಯುತ್ತೆ, ರೋಗ ಕಾಣಿಸಿಕೊಳ್ಳೋಕೆ ಇಪ್ಪತ್ತು ಮೂವತ್ತು ವರ್ಷ ತಗೊಳ್ಳುತ್ತೆ. 1986ರಲ್ಲೇ ನಮ್ಮ ದೇಶ ಅದರ ಹೊಸ ಗಣಿ ಗುತ್ತಿಗೆ ಕೊಡೋದು ನಿಲ್ಲಿಸಿತು. ಒಂದು ಕಲ್ಲು ಮುಟ್ಟಿದ್ದಕ್ಕೆ ಹೆದರಬೇಡ. ಹೆದರಬೇಕಾದ್ದು ಒಣ ಗುಡ್ಡೆಯನ್ನ ಬಗೆದು ಧೂಳೆಬ್ಬಿಸಿ ರಸ್ತೆಗೆ ಹರಡೋದಕ್ಕೆ.

— ಹಾಗೆ ಮಾಡ್ತಾರಾ?

— ಎಲ್ಲ ಕಡೆ ಇರೋ ಆಸೆ ಅದು. ಬಿದ್ದಿರೋ ಕಲ್ಲು, ಬಿಟ್ಟಿ ಜಲ್ಲಿ. ರಸ್ತೆಗೆ, ತಳಪಾಯಕ್ಕೆ ಬಳಸೋಣ ಅಂತ. ಇಂಥ ಗುಡ್ಡೆಯ ಕಲ್ಲನ್ನ ಪರೀಕ್ಷೆ ಇಲ್ಲದೆ ಒಂದು ಬುಟ್ಟಿಯೂ ಹೊರಗೆ ಸಾಗಿಸಬಾರದು. ಬಂದರಿಕೆಯ ಬೇರು ಅದನ್ನ ಹಿಡಿದು ಕೂತಿದೆ, ಹಾಗೇ ಇರಲಿ.

— ನೀರಿನ ವಿಷಯ ಹೇಳಿ. ಆಡಿಗೆ ಕುಡಿಸ್ತಾರೆ ಅಂದರಲ್ಲ.

— ಅದೇ ನನಗೆ ನಿದ್ದೆ ಕೆಡಿಸೋ ವಿಷಯ. ಕಲ್ಲಿನೊಳಗಿರೋ ಕ್ರೋಮಿಯಂ ಗಟ್ಟಿ, ಸುಲಭಕ್ಕೆ ಕರಗಲ್ಲ, ಅದರಿಂದ ಅಂಥ ಹಾನಿ ಇಲ್ಲ. ಆದರೆ ಪುಡಿಯಾಗಿ ಗಾಳಿ, ನೀರಿಗೆ ತೆರೆದುಕೊಂಡು, ಮಣ್ಣಿನ ಮ್ಯಾಂಗನೀಸ್ ಜೊತೆ ಸೇರಿದಾಗ ಅದರಲ್ಲಿ ಒಂದು ಪಾಲು ಬೇರೆ ರೂಪ ತಾಳುತ್ತೆ. ಆರು ವೇಲೆನ್ಸಿಯ ಕ್ರೋಮಿಯಂ. ಅದು ನೀರಲ್ಲಿ ಕರಗುತ್ತೆ, ಅದು ವಿಷ, ಕ್ಯಾನ್ಸರಿಗೂ ಕಾರಣ. ಒಡಿಶಾದ ಸುಕಿಂದಾ ಕಣಿವೆಯಲ್ಲಿ ಆಗಿದ್ದು ಅದೇ. 2007ರಲ್ಲಿ ಬ್ಲ್ಯಾಕ್‌ಸ್ಮಿತ್ ಸಂಸ್ಥೆ ಜಗತ್ತಿನ ಹತ್ತು ಅತಿ ಮಲಿನ ಜಾಗಗಳ ಪಟ್ಟಿ ಮಾಡಿದಾಗ ಸುಕಿಂದಾ ಅದರಲ್ಲಿತ್ತು. ನಮ್ಮದು ಸುಕಿಂದಾದಷ್ಟು ದೊಡ್ಡದಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ನುಗ್ಗೇಹಳ್ಳಿಯ ಗಣಿಗಳ ಸುತ್ತಲ ಮಣ್ಣು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಕ್ರೋಮಿಯಂ, ನಿಕ್ಕಲ್, ಕೋಬಾಲ್ಟ್ ಜಾಸ್ತಿ ಇರೋದು ಕಂಡಿತು.

— ಕಲ್ಲೇ ಅಂಥದ್ದು ಅಂದಿರಲ್ಲ. ಗಣಿ ಇಲ್ಲದಿದ್ದರೂ ಇರ್ತಿತ್ತು ತಾನೆ?

— ಸರಿಯಾದ ಪ್ರಶ್ನೆ. ಇರ್ತಿತ್ತು, ಆದರೆ ನೆಲದ ಒಳಗೆ, ಇಡೀ ಬಂಡೆಯಾಗಿ. ಗಣಿ ಅದನ್ನ ಪುಡಿ ಮಾಡಿ ಮೇಲೆ ತಂದು ಹೊಲಗಳ ಮೇಲ್ಬದಿಗೆ ಸುರೀತು. ಪ್ರತಿ ಮಳೆಗೂ ಅಷ್ಟಷ್ಟು ಇಳಿಯುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಕ್ರೋಮಿಯಂ, 0.02 ಮಿಲಿಗ್ರಾಂ ನಿಕ್ಕಲ್ ದಾಟಬಾರದು ಅಂತ ಭಾರತೀಯ ಮಾನಕ ಇದೆ. ಯಾವ ಗುಂಡಿ ಆ ಮಿತಿಯೊಳಗಿದೆ, ಯಾವ ಕೊಳವೆಬಾವಿ ದಾಟಿದೆ, ಊರ ಜನಕ್ಕೆ ಗೊತ್ತಾಗಬೇಕು. ಗುಂಡಿಯ ಪಕ್ಕ ಒಂದು ಫಲಕ ಬೇಕು, ಕನ್ನಡದಲ್ಲಿ, ವರ್ಷಾವರ್ಷ ಹೊಸ ಅಂಕಿ ಬರೆದು. ಅತ್ತೆ ಸೊಸೆಗೆ ಹೇಳಿದ ಎಚ್ಚರಿಕೆಯ ಮೇಲೆ ಒಂದು ಸೀಮೆಯ ಆರೋಗ್ಯ ನಿಂತಿರಬಾರದು.

— ಕುದುರೆಮುಖಕ್ಕೆ ನಾನು ಹೋಗಿದ್ದೆ. ಅಲ್ಲೂ ಗಣಿ ನಿಂತ ಜಾಗ. ಆದರೆ ಅಲ್ಲಿ ಎಲ್ಲರಿಗೂ ಗೊತ್ತಿದೆ, ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ತುಂಬಿದೆ ಅಂತ.

— ಅಲ್ಲಿ ಹೋರಾಟ ಆಯ್ತು. ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ರಾಷ್ಟ್ರೀಯ ಉದ್ಯಾನ, ಶೋಲಾ ಕಾಡು, ಹುಲಿ, ಸಿಂಹಬಾಲದ ಕೋತಿ ಇದ್ದುವು, ದೇಶವೇ ತಿರುಗಿ ನೋಡಿತು. ನಮ್ಮ ಕುರುಚಲಿಗೆ ಅಂಥ ಭಾಗ್ಯ ಇಲ್ಲ. ಇಲ್ಲಿ ಗಣಿ ಸದ್ದಿಲ್ಲದೆ ನಡೀತು, ಸದ್ದಿಲ್ಲದೆ ನಿಂತಿತು. ಅದಕ್ಕೇ ನಿನ್ನಂಥೋರು ಇಲ್ಲಿ ನಡೀಬೇಕು ಅನ್ನೋದು. ಕುದುರೆಮುಖ ಹತ್ತಿದೋರು ಅದರ ಬಗ್ಗೆ ಮಾತಾಡ್ತಾರೆ, ಬರೀತಾರೆ, ಒಂದು ಮರ ಬಿದ್ದರೂ ಸುದ್ದಿ ಆಗುತ್ತೆ. ಇಲ್ಲಿ ಗುಡ್ಡೆಗೆ ಗುಡ್ಡೆಯೇ ಮಾಯವಾದರೂ ಆಡು ಮೇಯಿಸೋಳಿಗೆ ಬಿಟ್ಟು ಇನ್ಯಾರಿಗೂ ತಿಳಿಯಲ್ಲ.

— ಕಾನೂನು ಏನೂ ಇಲ್ಲವಾ? ತೆಗೆದೋರು ಮುಚ್ಚಬೇಕು ಅಂತ?

— ಗಣಿ ಮುಚ್ಚುವ ಯೋಜನೆ ಕೊಡಲೇಬೇಕು ಅನ್ನೋ ನಿಯಮ ಬಂದದ್ದು 2003ರಲ್ಲಿ. ಇಲ್ಲಿನ ಎಷ್ಟೋ ಗುಂಡಿ ಅದಕ್ಕೂ ಹಳೇವು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು: ಗಣಿಗಾರಿಕೆ ಮುಗಿದ ಮೇಲೆ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವಿಗೆ, ಗಿಡಕ್ಕೆ, ಪ್ರಾಣಿಗೆ ಯೋಗ್ಯವಾಗೋ ಹಾಗೆ ಮಾಡಬೇಕು, ಗುತ್ತಿಗೆಯ ಷರತ್ತಿನಲ್ಲೇ ಅದು ಸೇರಬೇಕು ಅಂತ. ಮರ ಅನ್ನದೆ ಹುಲ್ಲು ಅಂದದ್ದು ನನಗೆ ತುಂಬ ಹಿಡಿಸಿತು. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಬಂದಿದೆ. ಗಣಿಯಿಂದ ತೊಂದರೆ ಆದ ಪ್ರದೇಶಗಳಿಗೆ ಖರ್ಚು ಮಾಡೋಕೇ ಇರೋ ಹಣ, ಕುಡಿಯೋ ನೀರು, ಆರೋಗ್ಯ, ಪರಿಸರಕ್ಕೆ ಮೊದಲ ಆದ್ಯತೆ. ಹಾಸನದಲ್ಲಿ ಈಗ ಸುದ್ದಿಯಲ್ಲಿರೋದು ಜಲ್ಲಿ ಕ್ವಾರಿಗಳು. ಹಳೆಯ ಕ್ರೋಮೈಟ್ ಊರುಗಳೂ ಆ ಲೆಕ್ಕದಲ್ಲಿ ಬರಬೇಕು ಅಂತ ಗ್ರಾಮಸಭೆ ಕೇಳಬೇಕು.

— ಗ್ರಾಮಸಭೆಯಲ್ಲಿ ಕೇಳೋಕೆ ಅಂಕಿ ಬೇಕು. ಬರೀ ಬಾಯಿಮಾತು ಯಾರು ಕೇಳ್ತಾರೆ?

— ಅದಕ್ಕೇ ನನ್ನ ಚೀಲದಲ್ಲಿ ಖಾಲಿ ಬಾಟಲಿಗಳಿರೋದು. ಗುಂಡಿಯದ್ದು ಒಂದು, ಕೆಳಗಿನ ಕೆರೆ ಕೋಡಿಯದ್ದು ಒಂದು, ಊರ ಕೊಳವೆಬಾವಿಯದ್ದು ಒಂದು. ಲೋಹ ಪರೀಕ್ಷೆ ಮಾಡೋ ಮಾನ್ಯತೆ ಇರೋ ಪ್ರಯೋಗಾಲಯಕ್ಕೆ ಕೊಡಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ. ಬಾಟಲಿ ಮೇಲೆ ಜಾಗ, ತಾರೀಖು ಬರಿ. ನಿನ್ನ ಫೋನಲ್ಲಿ ಜಾಗದ ಗುರುತು ಸಿಗುತ್ತಲ್ಲ, ಅದನ್ನೂ ಬರಿ.

— ಬಂದ ದಾರಿಯೂ ಫೋನಲ್ಲಿ ದಾಖಲಾಗಿದೆ. ತೆರೆದ ಗುಂಡಿಗಳು ಎಲ್ಲೆಲ್ಲಿವೆ ಅಂತ ಗುರುತು ಹಾಕಿದ್ದೀನಿ. ನಕ್ಷೆ ಬರೆದು ಪಂಚಾಯ್ತಿಗೆ ಕೊಡಬಹುದು, ಚಾರಣದ ಹುಡುಗರಿಗೂ ಕೊಡಬಹುದು.

— ಗಂಧದ ಸಸಿ ಇರೋ ಜಾಗಕ್ಕೆ ಗುರುತು ಹಾಕಿದ್ದೀಯಾ?

— ಹಾಕಿದ್ದೆ. ಅಳಿಸ್ತೀನಿ.

— ಅಳಿಸಿಬಿಡು. ಗುಂಡಿಗಳದ್ದು ಇರಲಿ. ಅರ್ಜಿಯಲ್ಲಿ ಒಂದು ಮಾತು ಬಿಡಬೇಡ: ಗುಂಡಿಯ ಸುತ್ತ ಎದೆಯೆತ್ತರ ಕಲ್ಲುಗೋಡೆ ಕಟ್ಟಿಸಿ, ಆದರೆ ಜಾಡಿಗೆ ಬೇಲಿ ಹಾಕಬೇಡಿ ಅಂತ. ಜಾಡು ಮುಚ್ಚಿದರೆ ಆ ಹೆಂಗಸು ಬರಲ್ಲ, ನೀನೂ ಬರಲ್ಲ. ಆಮೇಲೆ ಇಲ್ಲಿ ಏನು ನಡೆದರೂ ಕೇಳೋರಿರಲ್ಲ.

— ಆಡಿಗೆ ಬೇರೆ ನೀರಿನ ತೊಟ್ಟಿ ಅಂತಲೂ ಸೇರಿಸ್ತೀನಿ. ಫಲಿತಾಂಶ ಬರೋವರೆಗೂ ಕಾಯಬೇಕಾಗಿಲ್ಲವಲ್ಲ?

— ಅರ್ಜಿಗೆ ಯಾತಕ್ಕೆ ಕಾಯಬೇಕು? ಊರಿನ ಕೊಳವೆಬಾವಿ ನೀರು ಸರಿ ಇದೆ ಅಂತ ಗೊತ್ತಾದರೆ ಅಲ್ಲಿಂದಲೇ ಒಂದು ಕೊಳಾಯಿ ಎಳೆದರೆ ಆಯ್ತು. ಮೊದಲು ಊರ ಬಾವಿಯ ಬಾಟಲಿ ತುಂಬಿಸೋಣ. ಕೆರೆ ಕಡೆಯಿಂದ ಇಳಿಯೋಣ ಬಾ, ಕೋಡಿಯ ನೀರೂ ದಾರಿಯಲ್ಲೇ ಸಿಗುತ್ತೆ.